ಮಾವನ ಅರ್ಧ ಸ್ಪೀಡು

ನಮ್ಮ ಸೋದರಮಾವನಿಗೆ ನೀರು ಕುಡಿದರೆ ಬಾಯಾರಿಕೆ ತೀರುವುದಿಲ್ಲ, ಅದು ಎಷ್ಟು ಅಡಿ ಮೇಲೇರಿ ಬಂತೆಂದು ತಿಳಿದರೆ ಮಾತ್ರ ತೀರುತ್ತದೆ! ಪೀಣ್ಯದ ಪಂಪಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅತ್ತೆಯ ಹಾರ್ಟ್ ಪಂಪಿಂಗ್ ಕಡಿಮೆಯಾಗಿದೆ, ಆಯಾಸ ಮಾಡಿಕೊಳ್ಳಬಾರದು ಎಂದು ಡಾಕ್ಟರು ಹೇಳಿದಾಗಲೂ ಇವರು ಲೆಕ್ಕ ಹಾಕಲು ಜೇಬಿನಿಂದ ಪೆನ್ನು ತೆಗೆದರಂತೆ. ಅತ್ತೆ ಕೆಕ್ಕರಿಸಿ ನೋಡಿದ ಮೇಲೆ ಒಳಗಿಟ್ಟರು.

ಜಕ್ಕೂರಿನ ನಮ್ಮ ಅಪಾರ್ಟ್‌ಮೆಂಟಿನ ಮೋಟಾರು ಸುಟ್ಟುಹೋದಾಗ ಇಂಥವರನ್ನು ಮೀಟಿಂಗಿಗೆ ಕರೆದೊಯ್ದವನು ನಾನೇ! ಕಾರ್ಯದರ್ಶಿಗಳು ಹತ್ತು ಎಚ್‌ಪಿ ಹಾಕಿಸೋಣ ಎಂದರು.

"ಎಷ್ಟು ನೀರು, ಎಷ್ಟು ಎತ್ತರಕ್ಕೆ? ಇವೆರಡು ಹೇಳಿ ಸ್ವಾಮಿ, ಎಚ್‌ಪಿ ನಾನ್ ಹೇಳ್ತೀನಿ" ಎಂದರು ಮಾವ.

ಯಾರಿಗೆ ಗೊತ್ತು? ಮಾವ ಹಗ್ಗಕ್ಕೆ ಕಲ್ಲು ಕಟ್ಟಿ ತಾರಸಿಯಿಂದ ಇಳಿಬಿಟ್ಟರು. ಕಲ್ಲು ಕಾರ್ಯದರ್ಶಿಗಳ ಅಡುಗೆಮನೆಯ ಗಾಜಿಗೇ ಬಡಿಯಬೇಕೆ! ಆದರೂ ಲೆಕ್ಕ ಬಂತು. ಪೈಪಿನೊಳಗಿನ ಘರ್ಷಣೆ, ಪಂಪಿನ ನಷ್ಟ ಎಲ್ಲ ಸೇರಿಸಿಯೂ ಮೂರು ಎಚ್‌ಪಿ ಸಾಕು. ಅದನ್ನೇ ಹಾಕಿದೆವು, ನೀರು ಭರ್ರೆಂದು ಏರಿತು.

ಅಲ್ಲಿಗೆ ಬಿಡುವವರೇ? ಮೋಟಾರಿನ ವೇಗ ಇಳಿಸುವ ಡ್ರೈವನ್ನೂ ಕೂರಿಸಿದರು.

"ಸ್ಪೀಡ್ ಅರ್ಧ ಮಾಡಿದ್ರೆ ಪವರ್ ಎಂಟನೇ ಒಂದು ಭಾಗ ಸಾಕು ಕಣೋ!"

ಅರ್ಧ ಸ್ಪೀಡಿನಲ್ಲಿ ಮೋಟಾರು ತಿರುಗುತ್ತಲೇ ಇತ್ತು, ಆದರೆ ನೀರು ಒಂದನೇ ಮಹಡಿಯ ಮಟ್ಟಕ್ಕೆ ಬಂದು ಪೈಪಿನಲ್ಲೇ ನಿಂತಿತು. ಕಾರ್ಖಾನೆಯಲ್ಲಿ ಮಾವ ಡ್ರೈವ್ ಪರೀಕ್ಷಿಸುತ್ತಿದ್ದದ್ದು ನೆಲಮಟ್ಟದಲ್ಲೇ ಸುತ್ತಿ ಬರುವ ನೀರಿನ ಮೇಲೆ! ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದ ಕಾರ್ಯದರ್ಶಿಗಳು ಟವೆಲ್ಲಿನಲ್ಲೇ ಕೆಳಗಿಳಿದು ಬಂದರು.

"ಮೇಲಕ್ಕೆ ಹತ್ಬೇಕಾದ್ರೆ ಇಂತಿಷ್ಟು ಸ್ಪೀಡ್ ಬೇಕೇ ಬೇಕು. ನಾನ್ ಮರೆತ್ಬಿಟ್ಟೆ" ಎಂದು ಮಾವ ತಪ್ಪೊಪ್ಪಿಕೊಂಡು ವೇಗ ಏರಿಸಿದರು. ಆಮೇಲೆ ಯಾಕೋ ಪೆನ್ನು ಜೇಬಿಗಿಟ್ಟು ನೇರ ಮನೆಗೆ ಹೊರಟರು. ಮನೆಯಲ್ಲಿ ಅತ್ತೆಗೂ ಅವರು ಹೇಳಿಕೊಟ್ಟದ್ದು ಅದೇ ಉಪಾಯ. ಮೆಟ್ಟಿಲು ಹತ್ತುವಾಗ ಅರ್ಧ ಸ್ಪೀಡು.

ಮುಂದಿನ ವಾರ ದಾಸರಹಳ್ಳಿಯ ಮಾವನ ಮನೆಗೆ ಹೋದರೆ ಅವರಿದ್ದ ಮಹಡಿಯ ಮನೆಯಲ್ಲಿ ಬಾಡಿಗೆಯವರಿದ್ದಾರೆ! ಮಾವ, ಅತ್ತೆ ಕೆಳಗಿನ ಕತ್ತಲೆ ಮನೆಗೆ ಇಳಿದಿದ್ದರು. ಗಾಳಿ ಬೆಳಕು ಬೇಕೆಂದು ಹಟ ಹಿಡಿದು ಮಹಡಿ ಕಟ್ಟಿಸಿದ್ದವರು ಇದೇ ಮಾವ.

"ಮೆಟ್ಟಿಲಿನ ಎತ್ತರ ಎಷ್ಟು ಬಂತು ಮಾವ? ಲೆಕ್ಕ ತೋರಿಸಿ" ಎಂದು ಕೆಣಕಿದೆ.

ಮಾವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ಅಳೀಲಿಲ್ಲ ಕಣೋ. ನಿಮ್ಮತ್ತೆ ಅರ್ಧ ಸ್ಪೀಡಲ್ಲೇ ಹತ್ತಿ, ಏಳನೇ ಮೆಟ್ಟಿಲಲ್ಲಿ ಕೂತ್ಕೊಂಡು, 'ಏನಿಲ್ಲಾರೀ, ನೀವ್ ನಡೀರಿ, ಬರ್ತೀನಿ' ಅಂತ ನಕ್ಕಳು. ಎದುರಿಗೇ ನಿಂತಿದ್ದೆ. ನನಗೆ ತುಂಬಾ ಭಯ ಆಗ್ಬಿಡ್ತು."