ಗಿಟಾರಿಗೊಬ್ಬ ಅರ್ಥಿಂಗ್ ಆಸಾಮಿ

ಅಂಗಡಿಗೆ ಬಂದ ಹುಡುಗಿಯ ಷೂ ಹೊಸದು, ಮೊಬೈಲಿನ ಗಾಜು ಒಡೆದದ್ದು, ಮುಖದ ತುಂಬ ಅವಸರ. ಹೇಳಿದ ರೇಟಿಗೆ ತಲೆಯಾಡಿಸಿ ಹೋಗುವ ಪೈಕಿ ಎಂದು ಅನೀಸ್ ಅಹಮದ್ ಒಂದೇ ನೋಟಕ್ಕೆ ತೂಗಿ ಬದಿಗಿಟ್ಟಿದ್ದ. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನುಗಳ ಮೋಟಾರು ಸುಟ್ಟರೆ ಕಾಯಿಲು ಸುತ್ತಿಕೊಡುವುದು ಅವನ ಕಸುಬು. ಗಿರಾಕಿಯ ತೂಕ ತಪ್ಪುವುದು ಅಪರೂಪ. ಈ ಸಿಂಚನಳ ವಿಷಯದಲ್ಲಿ ತಪ್ಪಿತು. ಹುಡುಗಿ ರೇಟು ಕೇಳುವುದನ್ನೇ ಬಿಟ್ಟು, ಬಂದಾಗಿನಿಂದ ವಾದಕ್ಕೆ ನಿಂತಿದ್ದಳು.

ಅನೀಸ್: ಅದೆಲ್ಲಾ ಸರಿ, ಮೋಟಾರು ಎಲ್ಲಮ್ಮಾ ಇದ್ರಲ್ಲಿ?

ಸಿಂಚನ: ಮೋಟಾರ್ ಇಲ್ಲ ಅಂಕಲ್. ಆಗ್ಲಿಂದ ಅದನ್ನೇ ಬಡ್ಕೋತಿದ್ದೀನಿ. ಇದು ಗಿಟಾರು.

ಅನೀಸ್: ಎಲೆಕ್ಟ್ರಿಕ್ ಗಿಟಾರು ಅಂದೆ.

ಸಿಂಚನ: ಎಲೆಕ್ಟ್ರಿಕ್ಕೇ. ತಂತಿ ಕೆಳಗಿದೆಯಲ್ಲ, ಅದು ಪಿಕಪ್ಪು. ತಂತಿ ಅದುರಿದ್ದನ್ನ ಹಿಡಿದು ಸ್ಪೀಕರ್‌ಗೆ ಕಳ್ಸುತ್ತೆ. ಹಳೇದು ಹೋಗಿದೆ, ಹೊಸಾದು ತಂದಿದ್ದೀನಿ. ಬಿಚ್ಚಿ ಬೆಸುಗೆ ಹಾಕಿ, ಅಷ್ಟೇ.

ಅನೀಸ್ ಹೊಸ ಪಿಕಪ್ಪನ್ನು ಬೆಳಕಿಗೆ ಹಿಡಿದ. ಕೂದಲಿಗಿಂತ ಸಣ್ಣ ತಾಮ್ರದ ಎಳೆ, ನಡುವೆ ಅಯಸ್ಕಾಂತ. ಅವನ ಕಣ್ಣು ಅರಳಿತು.

ಅನೀಸ್: ಮ್ಯಾಗ್ನೆಟ್ಟಿದೆ, ಕಾಯಿಲಿದೆ. ಆದ್ರೂ ತಿರ್ಗಲ್ವಾ?

ಸಿಂಚನ: ತಿರ್ಗಲ್ಲ.

ಅನೀಸ್: ಜಾಮ್ ಆಗಿರುತ್ತೆ. ಒಂಚೂರು ಗ್ರೀಸ್ ಬಿಡ್ಲಾ?

ಸಿಂಚನ: ಅಂಕಲ್!

ಅನೀಸ್: ಆಯ್ತಮ್ಮಾ. ಇದಕ್ಕೆ ಎಷ್ಟು ವೋಲ್ಟ್ ಕೊಡ್ಬೇಕು, ಅದಾದ್ರೂ ಹೇಳು.

ಸಿಂಚನ: ಕೊಡಂಗಿಲ್ಲ. ಅದೇ ಕೊಡುತ್ತೆ.

ಅನೀಸ್: ಕರೆಂಟು ಅದೇ ಕೊಡುತ್ತಾ? ಅರೆ, ಹಂಗಾದ್ರೆ ಇದನ್ನ ರಿಸೆಪ್ಷನ್‌ಗ್ಯಾಕೆ ತಗೊಂಡೋಗ್ತೀಯಾ? ನಮ್ ಬೀದಿಗೆ ಬಿಟ್ಟೋಗು, ಮಧ್ಯಾಹ್ನದ ಹೊತ್ತು ಫ್ಯಾನಾದ್ರೂ ತಿರ್ಗುತ್ತೆ.

ಸಿಂಚನಳಿಗೆ ನಗುವ ವ್ಯವಧಾನವಿರಲಿಲ್ಲ. ಸಂಜೆ ದೇವನಹಳ್ಳಿಯಲ್ಲಿ ರಿಸೆಪ್ಷನ್, ಕೆಂಪರಾಜುವಿನ ಆರ್ಕೆಸ್ಟ್ರಾ. ಹೋದ ಸಲ ಇವಳ ಗಿಟಾರು ಹಾಡಿನುದ್ದಕ್ಕೂ ಗುಂಯ್ ಎಂದು ವಧುವಿನ ತಾತ ಎದ್ದು ಜೇನುಹುಳು ಹುಡುಕಿದ್ದ. ‘ಇವತ್ತೂ ಗುಂಯ್ ಅಂದ್ರೆ ಗಿಟಾರ್ ಮನೇಲಿಟ್ಟು ಗಿಲಕಿ ಅಲ್ಲಾಡಿಸ್ಕೊಂಡ್ ನಿಂತ್ಕೋ’ ಎಂದು ಕೆಂಪರಾಜು ಹೇಳಿಬಿಟ್ಟಿದ್ದ. ಈಗ ಅವನದೇ ಫೋನು ಬಂತು. ಅವಳು ಬೀದಿಗೆ ಇಳಿದು ‘ಆಯ್ತಣ್ಣ, ಬಂದೇ ಅಣ್ಣ’ ಎನ್ನತೊಡಗಿದಳು.

ಇತ್ತ ಅನೀಸ್ ಹಳೆಯದನ್ನು ಬಿಚ್ಚಿ ಹೊಸದನ್ನು ಬೆಸೆದ. ಕೈ ಪಳಗಿದ್ದು, ಬೆಸುಗೆಯ ಚುಕ್ಕಿಗಳು ಸಾಬುದಾನಿಯಂತೆ ಹೊಳೆದವು. ಕೊನೆಗೆ ಒಂದು ವೈರು ಕಣ್ಣಿಗೆ ಬಿತ್ತು. ಅದು ಕಾಯಿಲಿಗೂ ಹೋಗದೆ, ಸ್ವಿಚ್ಚಿಗೂ ಹೋಗದೆ, ಹಿಂಬದಿಯ ಬರೀ ಸ್ಪ್ರಿಂಗಿಗೆ ಅಂಟಿತ್ತು. ಸ್ಪ್ರಿಂಗಿಗೆ ಯಾತಕ್ಕೆ ಕರೆಂಟು? ಯಾವನೋ ದಡ್ಡನ ಕೆಲಸವೆಂದು ಎರಡೂ ತುದಿ ಕತ್ತರಿಸಿ ಕಸಕ್ಕೆ ಹಾಕಿದ. ಇದಕ್ಕೆ ಬೇರೆ ಚಾರ್ಜು ಹಾಕಲಿಲ್ಲ; ಅಷ್ಟರ ಮಟ್ಟಿಗೆ ಧಾರಾಳಿ.

ಸಿಂಚನ ವಾಪಸು ಬಂದು ತಾನು ತಂದಿದ್ದ ಪುಟ್ಟ ಸ್ಪೀಕರ್ ಪೆಟ್ಟಿಗೆಗೆ ಗಿಟಾರನ್ನು ಸಿಕ್ಕಿಸಿದಳು.

ಗುಂಯ್ಯ್ಯ್.

ಅನೀಸ್: ಮಾಶಾ ಅಲ್ಲಾ! ಓಡ್ತಿದೆ!

ಸಿಂಚನ: ಎಲ್ಲಂಕಲ್ ಓಡ್ತಿದೆ? ಇದೇ ರೋಗ ಅಂತ್ಲೇ ನಿಮ್ಮತ್ರ ಬಂದಿದ್ದು!

ಅನೀಸ್: ಗುಂಯ್ ಅಂದ್ರೆ ಜೀವ ಇದೆ ಅಂತಮ್ಮಾ. ಗುಂಯ್ ಅನ್ನದೇ ಇರೋ ಮೋಟಾರನ್ನ ಯಾವ ಮಿಷನ್ ಓನರ್ರೂ ವಾಪಸ್ ತಗೊಳಲ್ಲ.

ಸಿಂಚನ: ಮೋಟಾರಲ್ಲ ಇದು!

ಅನೀಸ್: ಹಂಗೆ ಬೈಬೇಡ, ಅದಕ್ಕೂ ಕೇಳ್ಸುತ್ತೆ.

ಎನ್ನುತ್ತಾ ವೈರು ಚುಚ್ಚುವ ಜಾಗದ ತಗಡನ್ನು ಪ್ರೀತಿಯಿಂದ ಸವರಿದ. ಗುಂಯ್ ನಿಂತಿತು. ಬೆರಳು ತೆಗೆದ, ಗುಂಯ್. ಇಟ್ಟ, ಮೌನ.

ಅನೀಸ್: ನೋಡ್ದ್ಯಾ? ಕೈಗುಣ.

ಒಳಮನೆಯಿಂದ ಚಹಾ ತಂದ ಹೆಂಡತಿ ಕಮರ್ ಜಹಾನ್ ತಾನೂ ಬೆರಳಿಟ್ಟಳು. ಗಿಟಾರು ಗಪ್‌ಚಿಪ್. ಮನೆಯಲ್ಲಿ ದಖನಿ ಉರ್ದು ಆಡುವವಳು, ಗಂಡನನ್ನು ಬೈಯುವುದು ಗಿರಾಕಿಗೂ ತಿಳಿಯಲೆಂದು ಕನ್ನಡಕ್ಕೆ ಬಂದಳು.

ಕಮರ್: ನಾನು ಮುಟ್ಟಿದ್ರೂ ಸುಮ್ನಾಗ್ತದೆ. ಈ ಅಂಗಡೀಲಿ ನನ್ ಮಾತು ಕೇಳದೇ ಇರೋದು ಇವರೊಬ್ರೇ.

ಸಿಂಚನ: ಅಂಕಲ್, ಸ್ಪ್ರಿಂಗ್ ಹತ್ರ ಒಂದು ವೈರ್ ಇತ್ತಲ್ಲ?

ಅನೀಸ್: ಇತ್ತು.

ಸಿಂಚನ: ಈಗ?

ಅನೀಸ್: ಈಗ ಕ್ಲೀನಾಗಿದೆ.

ಸಿಂಚನ: ಅಯ್ಯೋ! ಅದೇ ಅಂಕಲ್ ಅರ್ಥಿಂಗು! ಸ್ಪ್ರಿಂಗಿಂದ ತಂತಿಗೆ, ತಂತಿಯಿಂದ ನನ್ ಕೈಗೆ. ನಾನು ತಂತಿ ಮುಟ್ದಾಗ ಗುಂಯ್ ನಿಲ್ಬೇಕು.

ಅನೀಸ್: ಅಂದ್ರೆ ಗಿಟಾರಿಗೆ ನೀನೇ ಅರ್ಥಿಂಗು?

ಸಿಂಚನ: ಹೂಂ.

ಅನೀಸ್: ಮೊದ್ಲೇ ಹೇಳೋದಲ್ವಾ! ನಮ್ ಕಡೆ ಅರ್ಥಿಂಗ್ ಅಂದ್ರೆ ಗುಂಡಿ ತೆಗೆದು ಉಪ್ಪು, ಇದ್ದಿಲು ಹಾಕಿ ವಾರಕ್ಕೊಂದ್ಸಲ ನೀರು ಹೊಯ್ತೀವಿ. ನೀನು ಷೂ ಹಾಕ್ಕೊಂಡು ಬಂದಿದ್ದೀಯ.

ಅನೀಸ್ ಬೇರೆ ವೈರು ತೆಗೆದು ಸೋಲ್ಡರಿಂಗ್ ಐರನ್ನನ್ನು ಎತ್ತಿದ. ಕರೆಂಟು ಹೋಯಿತು. ಬಾಗಿಲಲ್ಲಿ ಕೆಂಪರಾಜು ಕಳಿಸಿದ ವ್ಯಾನು ಹಾರ್ನ್ ಹೊಡೆಯಿತು. ಸಿಂಚನ ಗಿಟಾರು ತಬ್ಬಿಕೊಂಡು ಸ್ಟೂಲಿನ ಮೇಲೆ ಕುಸಿದಳು, ಕಣ್ಣು ತುಂಬಿತ್ತು.

ಸಿಂಚನ: ಹೋಯ್ತು. ಗಿಲಕಿನೇ ಗತಿ ನನಗೆ.

ಕಮರ್: (ಗಂಡನಿಗೆ) ಏನು ನೋಡ್ತೀರಾ? ವೈರ್ ಕಿತ್ತೋರು ನೀವೇ ತಾನೆ? ಅಂಗಿ ಬದ್ಲಾಯ್ಸಿ, ಹೋಗಿ ಹಿಡ್ಕೊಳ್ಳಿ.

ಅನೀಸ್: ಏನನ್ನ?

ಕಮರ್: ಆ ತಗಡನ್ನ! ರಿಸೆಪ್ಷನ್ ಮುಗಿಯೋವರ್ಗೂ.

ದೇವನಹಳ್ಳಿಯ ಛತ್ರ ಮುಟ್ಟುವಷ್ಟರಲ್ಲಿ ಗಂಡು ಹೆಣ್ಣು ಸ್ಟೇಜಿನ ಮೇಲೆ ನಿಂತಾಗಿತ್ತು. ಬೆಸುಗೆಗೆ ಹೊತ್ತಿಲ್ಲ. ಸಿಂಚನ ನಿಂತು ನುಡಿಸಿದಳು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಅನೀಸ್ ಅಹಮದ್ ಗಿಟಾರಿನ ಅಂಚಿನ ಆ ತಗಡಿಗೆ ಒಂದು ಬೆರಳಿಟ್ಟು, ಕಣ್ಣು ಮುಚ್ಚಿ, ತಲೆದೂಗುತ್ತಾ ಕುಳಿತಿದ್ದ. ಗುಂಯ್ ಇಲ್ಲ, ಗದ್ದಲವಿಲ್ಲ. ಹುಡುಗಿ ಅಷ್ಟು ಚೆನ್ನಾಗಿ ನುಡಿಸುತ್ತಾಳೆಂದು ಕೆಂಪರಾಜುವಿಗೇ ಗೊತ್ತಿರಲಿಲ್ಲ. ಅವಳ ನಾಲ್ಕನೆಯ ಹಾಡಿಗೆ ಊಟದ ಪಂಕ್ತಿಯವರೂ ಬಂದು ಹಣಕಿದರು. ಹಾಡು ಮುಗಿದಾಗ ಬಿದ್ದ ಚಪ್ಪಾಳೆಗೆ ಸಿಂಚನ ತಲೆ ಎತ್ತುವ ಮೊದಲೇ ಅನೀಸ್ ಎದ್ದು ನಿಂತು ಸಲಾಂ ಮಾಡಿದ. ಬೆರಳು ಎದೆಗೆ ಹೋಗಿತ್ತು. ಗಿಟಾರು ಗುಂಯ್ ಎಂದಿತು. ಅದೂ ಐಟಂ ಇರಬೇಕೆಂದು ಜನ ಇನ್ನೊಮ್ಮೆ ತಟ್ಟಿದರು.

ಕೆಂಪರಾಜು: (ಸಿಂಚನಳ ಕಿವಿಯಲ್ಲಿ, ಆದರೆ ಅನೀಸನಿಗೂ ಕೇಳುವಷ್ಟು ಜೋರಾಗಿ) ಸೂಪರ್ ಕಣಮ್ಮಾ. ಭಾನುವಾರ ಹೊಸಕೋಟೆ ಪ್ರೋಗ್ರಾಂಗೆ ಗಿಟಾರ್ ನೀನೇ. ಅದ್ಯಾರು, ನಿಮ್ ಗುರುಗಳಾ? ಕೈ ಇಟ್ಟು ಆಶೀರ್ವಾದ ಮಾಡ್ತಾನೇ ಇದ್ರು! ಅವ್ರನ್ನೂ ಕರ್ಕೊಂಡ್ ಬಾ.

ಸಿಂಚನ: ಅಂಕಲ್, ನಾಳೆ ಬೆಳಿಗ್ಗೆ ಬರ್ತೀನಿ, ಆ ವೈರ್ ಬೆಸೆದುಬಿಡಿ.

ಅನೀಸ್: ಅವಸರ ಏನಮ್ಮಾ? ಸೋಮವಾರ ಬಾ.

ಆ ಚಪ್ಪಾಳೆ ನ್ಯಾಯವಾಗಿ ಸಿಂಚನಳದು. ಅದನ್ನು ಅನೀಸ್ ಅಹಮದ್ ಅವಳಿಗೆ ಇನ್ನೂ ಬಾಕಿ ಉಳಿಸಿಕೊಂಡಿದ್ದಾನೆ.