ಮಿತ್ರರಾಷ್ಟ್ರಗಳ ಸಭೆಗೆ ನೀರಿಟ್ಟವನು

ದೊಡ್ಡವರು ಸೇರುವ ಜಾಗದಲ್ಲಿ ಕೆಲಸ ಮಾಡುವವನಿಗೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟವಲ್ಲ. ಬಿಟ್ಟ ಬಾಯಿ ಮುಚ್ಚುವುದೇ ಕಷ್ಟ. ಹೆಬ್ಬಾಳದ ಹತ್ತಿರದ ಒಂದು ದೊಡ್ಡ ಹೋಟೆಲಿನಲ್ಲಿ ನಾನು ಸಭಾಂಗಣದ ಸೂಪರ್‌ವೈಸರ್. ಮದುವೆ, ಆರತಕ್ಷತೆ, ಕಂಪನಿ ಮೀಟಿಂಗು ಎಲ್ಲಾ ಕಂಡವನು. ಆದರೆ ಐದು ಮಿತ್ರರಾಷ್ಟ್ರಗಳ ನಾಯಕರು ನಮ್ಮಲ್ಲಿ ಎರಡು ದಿನ ಕೂತು, ಮುಂದೆ ಎಲ್ಲರೂ ಸೇರಿ ಯಾವ ಕೆಲಸಕ್ಕೆ ಮೊದಲು ಕೈಹಾಕಬೇಕು ಅಂತ ತೀರ್ಮಾನ ಮಾಡಿದರಲ್ಲ, ಆಗ ಬಿಟ್ಟ ಬಾಯಿ ಇನ್ನೂ ಸರಿಯಾಗಿ ಮುಚ್ಚಿಲ್ಲ.

ಚರ್ಚೆಗೆ ಮುಂಚೆ

ಸಭೆಯ ಹಿಂದಿನ ದಿನ, ಉಸ್ತುವಾರಿ ಹೊತ್ತಿದ್ದ ಅಧಿಕಾರಿ ಮೇಡಂ ಒಂದು ಕಟ್ಟು ಕಾಗದ ಕೊಟ್ಟು, "ಇದನ್ನ ಐದು ಫೈಲಿಗೆ ಹಾಕಿಡ್ರೀ" ಅಂದರು. ಕಣ್ಣಾಡಿಸಿದೆ. 'ಎರಡು ದಿನಗಳ ಸುದೀರ್ಘ ಚರ್ಚೆಯ ನಂತರ ನಾಯಕರು ಒಮ್ಮತಕ್ಕೆ ಬಂದರು' ಅಂತ ಇಂಗ್ಲಿಷಿನಲ್ಲಿತ್ತು.

"ಮೇಡಂ, ಅವ್ರಿನ್ನೂ ವಿಮಾನದಲ್ಲೇ ಇದಾರಲ್ಲ!"

"ಇರ್ಲಿ ಬಿಡ್ರೀ. ಒಂದು ಪ್ಯಾರಾ ಬಿಟ್ರೆ ಎಲ್ಲಾ ಅಧಿಕಾರಿಗಳೇ ಮುಗಿಸಿದೀವಿ. ಛತ್ರಕ್ಕೆ ಬಂದ್ಮೇಲೆ ಯಾರಾದ್ರೂ ಹೆಣ್ಣು ನೋಡೋ ಶಾಸ್ತ್ರ ಮಾಡ್ತಾರಾ?"

ಐದು ಮೊದಲು

ಮೊದಲ ದಿನವೇ ಜಗಳ. ಸಮುದ್ರ ಕಾವಲು, ಔಷಧಿ, ವಿದ್ಯುತ್ತು, ಹೀಗೆ ಪಟ್ಟಿಯಲ್ಲಿ ಐದು ವಿಷಯ. ಪ್ರತಿಯೊಬ್ಬರಿಗೂ ತಮ್ಮದೇ ಒಂದನೇ ನಂಬರ್ ಆಗಬೇಕು. ಅಂಕಿ ತೆಗೆದು ಚುಕ್ಕೆ ಹಾಕಿಸಿದರು. ಮೇಲಿನ ಚುಕ್ಕೆ ಯಾರದು ಅಂತ ಮತ್ತೆ ಶುರುವಾಯಿತು. ಕೊನೆಗೆ ಮೇಡಂ ಐದೂ ವಾಕ್ಯಗಳನ್ನು 'ಎಲ್ಲಕ್ಕಿಂತ ಮೊದಲು' ಅಂತಲೇ ಶುರು ಮಾಡಿಸಿ ಬಚಾವಾದರು.

ನಾನು ಅಡುಗೆಮನೆಗೆ ಓಡಿ, ಆರ್.ಟಿ. ನಗರದಿಂದ ಬರುವ ನಮ್ಮ ಹೆಡ್ ಕುಕ್ ಭಾಯ್‌ಗೆ ಹೇಳಿದೆ. "ಸ್ನೇಹಿತರು ಕಣ್ರೀ ಭಾಯ್, ಹಿಂಗಾ ಕಚ್ಚಾಡೋದು?"

ಭಾಯ್ ಸೌಟು ನಿಲ್ಲಿಸಲಿಲ್ಲ. "ನಮ್ಮನೇಲಿ ಐದು ಜನ ಅಣ್ತಮ್ಮಂದಿರು ಸಾರ್, ಒಂದೇ ಬಾತ್‌ರೂಮು. ಪ್ರೀತಿ ಬೇರೆ, ಸರದಿ ಬೇರೆ."

ಬಾಕಿ ಉಳಿದ ಪ್ಯಾರಾ

ಎರಡನೇ ದಿನ ಬೆಳಗ್ಗೆ ನೀರಿಡಲು ಒಳಗೆ ಹೋದರೆ ಒಬ್ಬ ನಾಯಕರು ಮೇಜು ಗುದ್ದುತ್ತಿದ್ದರು. ಲೋಟ ಎಲ್ಲಾ ಕುಣಿದವು. ಯುದ್ಧವೇ ಆಯಿತು ಅಂತ ಹೆದರಿ, ಹೊರಗೆ ಸಿಕ್ಕ ಮೇಡಂ ಹತ್ತಿರ ವಿಚಾರಿಸಿದೆ.

"ಒಬ್ರಿಗೆ ಕಷ್ಟ ಬಂದ್ರೆ ಉಳಿದವ್ರು 'ಸಹಾಯ ಮಾಡ್ತೀವಿ' ಅಂತ ಬರೀಬೇಕಾ, 'ಸಹಾಯ ಮಾಡೋ ಬಗ್ಗೆ ಯೋಚಿಸ್ತೀವಿ' ಅಂತ ಬರೀಬೇಕಾ? ಅದೇ ಗಲಾಟೆ."

"ಇದಕ್ಕಾ? ನಮ್ ಅಲ್ಲಾಳಸಂದ್ರದಲ್ಲಿ ಪಕ್ಕದ್ಮನೆಯವ್ರು ಮಿಕ್ಸಿ ಕೇಳಿದ್ರೆ ಒಂದೋ ಕೊಡ್ತೀವಿ, ಇಲ್ಲಾ ರಿಪೇರಿಗೆ ಹೋಗಿದೆ ಅಂತೀವಿ ಮೇಡಂ."

ಮೇಡಂ ಗಂಭೀರವಾಗಿ ಪೆನ್ನು ತೆಗೆದರು. "ರಿಪೇರಿಗೆ ಹೋಗಿದೆ... ಇದು ಯಾರಿಗೂ ಹೊಳೆದಿರ್ಲಿಲ್ಲ ನೋಡಿ."

ಒಂದು ಸ್ವಿಚ್ಚು

ಅವತ್ತು ಮಧ್ಯಾಹ್ನ. ಉರಿ ಬೇಸಿಗೆ. ಊಟದ ಹಾಲ್ ಖಾಲಿಯಾಗಿತ್ತು. ಖಾಲಿ ಹಾಲಿನಲ್ಲಿ ಎಸಿ ಓಡಬಾರದು ಅಂತ ಮ್ಯಾನೇಜರ್ ಆಜ್ಞೆ. ಸ್ವಿಚ್ಚು ಆರಿಸಿ ಕಾಫಿ ಕುಡಿಯಲು ಹೋದೆ.

ಅರ್ಧ ಗಂಟೆಗೆ ನಮ್ಮ ಎಲೆಕ್ಟ್ರಿಷಿಯನ್ ಓಡಿಬಂದ. "ಸಾರ್, ಯಾವ್ ಸ್ವಿಚ್ ಆಫ್ ಮಾಡಿದ್ರಿ? ಊಟದ ಹಾಲ್ ತಣ್ಣಗಿದೆ, ನಾಯಕರ ರೂಮು ಕುಕ್ಕರ್ ಆಗಿದೆ!"

ಕೈಯಲ್ಲಿದ್ದ ಕಾಫಿ ಷರಟಿನ ಮೇಲೆ ಬಿತ್ತು. ಭದ್ರತೆಗಾಗಿ ಆ ರೂಮಿನ ಕಿಟಕಿಗಳಿಗೆಲ್ಲ ಸೀಲು. ಬಾಗಿಲು ತೆಗೆಯುವ ಹಾಗಿಲ್ಲ. ಹೋಯ್ತು ನನ್ನ ಕೆಲಸ! ಮನೆಯಲ್ಲಿ ಏನಂತ ಹೇಳೋದು? ಐದು ದೇಶದ ನಾಯಕರನ್ನು ಬೇಯಿಸಿಬಿಟ್ಟೆ ಅಂತಲಾ?

ನಾನು ಓಡಿ ತಲುಪುವಷ್ಟರಲ್ಲಿ ಬಾಗಿಲು ತೆರೆಯಿತು. ಐವರೂ ಹೊರಬಂದರು. ಕೋಟು ತೋಳ ಮೇಲೆ, ಟೈ ಜೇಬಿನಲ್ಲಿ, ಅಂಗಿ ಬೆನ್ನಿಗೆ ಅಂಟಿದೆ. ಮೇಜು ಗುದ್ದಿದವರು ಫೈಲಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಉಳಿದವರ ಕೈ ಕುಲುಕುತ್ತಿದ್ದಾರೆ! ನನಗೇನೂ ಅರ್ಥವಾಗಲಿಲ್ಲ. ಹಿಂದೆಯೇ ಬೆವರು ಒರೆಸುತ್ತಾ ಮೇಡಂ ಬಂದರು. ಕೈಯಲ್ಲಿ ಐದು ಸಹಿಯ ಕಾಗದ.

"ಎರಡು ದಿನ ಬಗೆಹರೀದೇ ಇದ್ದಿದ್ದು ಹತ್ತೇ ನಿಮಿಷ ಕಣ್ರೀ! 'ಮಾಡ್ತೀವಿ' ಅಂತಲೇ ಬರ್ಕೊಳ್ಳಿ, ಸಹಿ ಎಲ್ಲಿ ಹಾಕ್ಬೇಕು ಬೇಗ ತೋರ್ಸಿ ಅಂತ ಅವರೇ ಗೋಗರೆದ್ರು. ಅಲ್ಲಾ, ಎಸಿಗೇನಾಯ್ತು?"

ಕೈಮುಗಿದೆ. "ತಪ್ಪಾಯ್ತು ಮೇಡಂ, ಆರಿಸಿದ್ದು ನಾನೇ. ದಯವಿಟ್ಟು ಮ್ಯಾನೇಜರ್‌ಗೆ ಹೇಳ್ಬೇಡಿ."

ಮೇಡಂ ನನ್ನನ್ನೇ ದಿಟ್ಟಿಸಿದರು. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಮುಂದಿನ ತಿಂಗಳು ದೆಹಲೀಲಿ ಇನ್ನೊಂದು ಸಭೆ ಇದೆ. ನಿಮಗೆ ಎರಡು ದಿನ ರಜೆ ಸಿಗುತ್ತಾ?"