ಬೆಚ್ಚಗಿಟ್ಟ ಕೂಸು

ಚಳಿ ಅಂದರೇನು ಎಂಬುದು ನನ್ನ ಮಗನಿಗೆ ಶಾಲೆಯ ಪುಸ್ತಕ ಓದಿ ಗೊತ್ತಾಗಬೇಕೇ ಹೊರತು ಅದಕ್ಕೆ ಮೊದಲು ಗೊತ್ತಾಗಕೂಡದು. ಅವನು ಹುಟ್ಟಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಾನು ಮಾಡಿದ ಭೀಷ್ಮಪ್ರತಿಜ್ಞೆ ಇದು. ಸಾಕ್ಷಿಗೆ ನನ್ನ ಅತ್ತೆ ಚಿಕ್ಕಬೀರಮ್ಮನವರೂ ಆಸ್ಪತ್ರೆಯ ನಾಯಿಯೂ ಇದ್ದರು. ನಾಯಿ ಮೈ ಕೊಡವಿಕೊಂಡು ಎದ್ದು ಹೋಯಿತು. ಅತ್ತೆ ಮಾತ್ರ, "ಅಂಗೇ ಆಗ್ಲಿ ಬುಡಿ ಅಳೀಮಯ್ಯ" ಅಂದರು.

ಬೆಚ್ಚಗಿಡುವ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಕಂಪಲಾಪುರದಲ್ಲಿ ಯಾರೂ ಇರಲಿಲ್ಲ. ನಾವು ಹೊಗೆಸೊಪ್ಪು ಬೆಳೆಯುವವರು. ಹಸಿ ಎಲೆಯನ್ನು ಬ್ಯಾರನ್ ಎಂಬ ಎತ್ತರದ ಒಣಗಿಸುವ ಮನೆಯೊಳಗೆ ನೇತುಹಾಕಿ, ಬಾಗಿಲು ಬಿಗಿದು, ಸೌದೆ ಉರಿಸಿ, ಯಾವಾಗ ಎಷ್ಟು ಕಾವು ಕೊಟ್ಟರೆ ಎಲೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ನಾನು ಗೋಡೆ ಮುಟ್ಟಿಯೇ ಹೇಳುತ್ತಿದ್ದೆ. ಊರಿನಲ್ಲಿ ಯಾರ ಬ್ಯಾರನ್ನಿನ ಕಾವು ಹದ ತಪ್ಪಿದರೂ, "ದೇವರಾಜನ್ನ ಕರೀರಿ" ಅನ್ನುತ್ತಿದ್ದರು. ಅಷ್ಟು ದೊಡ್ಡ ಬ್ಯಾರನ್ನನ್ನು ಪಳಗಿಸಿದವನಿಗೆ ಒಂದು ಮೊಳದ ಮಗು ಯಾವ ಲೆಕ್ಕ?

ನಗಬೇಡಿ, ನನ್ನ ಹಟಕ್ಕೊಂದು ಕಾರಣವಿತ್ತು. ಅದಕ್ಕೆ ಎರಡು ವರ್ಷ ಮೊದಲು, ಅಂಥದೇ ಚಳಿಗಾಲದಲ್ಲಿ, ನಮಗೆ ಹೆಣ್ಣು ಮಗುವೊಂದು ಹುಟ್ಟಿತ್ತು. ಹೆಸರಿಡುವ ಮೊದಲೇ ಹೋಗಿಬಿಟ್ಟಿತು. ಮಾತಾಡಿಸಲು ಬಂದ ಹೆಂಗಸರು ಜಗಲಿಯ ಮೇಲೆ ಕೂತು, ನಮ್ಮ ಮನೆಯ ಕಾಫಿ ಕುಡಿಯುತ್ತಾ, "ಶೀತ ಒಕ್ಕೊಂತು ಕಣವ್ವ. ಬೆಚ್ಚಗೆ ನೋಡ್ಕೊಂಡಿದ್ರೆ ಉಳ್ಕತಿತ್ತು" ಎಂದಿದ್ದರು. ನನ್ನ ಹೆಂಡತಿ ರಾಣಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಆಮೇಲೆ ಯಾರು ಏನು ಹೇಳಿದರೋ ನನಗೆ ನೆನಪಿಲ್ಲ. ಆ ಒಂದು ಮಾತು ಮಾತ್ರ ಕಿವಿಯೊಳಗೆ ಮನೆ ಮಾಡಿಕೊಂಡಿತು.

ಹಾಗಾಗಿ ತೊಂಬತ್ತೆಂಟನೇ ಇಸವಿಯ ಡಿಸೆಂಬರಿನಲ್ಲಿ ಮಗ ಹುಟ್ಟಿದಾಗ ನಾನು ಯುದ್ಧಕ್ಕೆ ಹೊರಟೆ. ಕೊಡಗಿನ ಕಡೆಯಿಂದ ಬರುವ ಗಾಳಿ ನನ್ನ ಶತ್ರು. ಬೈಲಕುಪ್ಪೆಗೆ ಹೋಗಿ ಟಿಬೆಟ್ಟಿನ ಹೆಂಗಸೊಬ್ಬರಿಂದ ದಪ್ಪ ಉಣ್ಣೆಯ ಸ್ವೆಟರು, ಟೋಪಿ, ಕಾಲುಚೀಲ ತಂದೆ. ಪಿರಿಯಾಪಟ್ಟಣದ ಅಂಗಡಿಯಲ್ಲಿ ಕರಡಿಮರಿಯಂತೆ ತುಪ್ಪಳವಿದ್ದ ಒಂದು ಉಡುಪು ಸಿಕ್ಕಿತು. ಅದಕ್ಕೆ ಹಿಂದೆ ಕುಲಾವಿ, ಮುಂದೆ ಕುತ್ತಿಗೆಯ ಹತ್ತಿರ ಕಟ್ಟಲು ಉದ್ದನೆಯ ಎರಡು ರಿಬ್ಬನ್ನು. ಬೂರುಗದ ಹತ್ತಿ ತುಂಬಿಸಿ ಹಾಸಿಗೆ ಹೊಲಿಸಿದೆ. ಕೈಯಿಟ್ಟರೆ ಮಣಿಕಟ್ಟಿನವರೆಗೂ ಇಳಿಯುವಷ್ಟು ಮೆತ್ತಗಿತ್ತು. ತಲೆಗೊಂದು ದಿಂಬು, ಉರುಳದಂತೆ ಎರಡು ಪಕ್ಕಕ್ಕೂ ದಿಂಬು, ಮೇಲೊಂದು ರಜಾಯಿ.

ರಾಣಿ ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು.

"ಇದೇನು, ಮಗೂಗೋ ಮದ್ವೆ ಗಂಡಿಗೋ?" ಎಂದಳು.

"ನಿನಗೆ ಗೊತ್ತಾಗಲ್ಲ, ಸುಮ್ನಿರು."

"ಈ ದಾರ ಯಾಕೆ ಕುತ್ಗೆ ತಾವ? ಸುತ್ಕೊಂಡ್ರೆ?"

"ಅಂದಕ್ಕೆ ಕಣೆ."

"ನಮ್ಮವ್ವನ ಹಳೇ ಸೀರೆ ಬೇಕಾದಷ್ಟವೆ. ಒಗ್ದು ಮಡಿಸಿಟ್ಟಿವ್ನಿ. ಸಾಲ್ದಾ?"

"ಹಳೇ ಸೀರೇಲಿ ಮಲಗೋಕೆ ನನ್ನ ಮಗ ಏನು ಪಾಪ ಮಾಡವ್ನೆ?"

ಅವಳು ಮಗುವಿಗೆ ಹಾಲೂಡಿಸಲು ಮಗ್ಗುಲಾದಳು. ಬಾಣಂತಿಗೆ ಜಗಳ ಆಡುವ ಶಕ್ತಿ ಇರುವುದಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ. ಗಂಡಸರು ಸಾಮಾನ್ಯವಾಗಿ ಹಾಗೇ ತಿಳಿದುಕೊಳ್ಳುವುದು.

ಅನಾಹುತ ನಡೆದ ದಿನ ಬೆಳಿಗ್ಗೆ ಅತ್ತೆ ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟರು. ರಾಣಿಯೂ ಮಿಂದು, ಮಗುವಿಗೆ ಹಾಲು ಕುಡಿಸಿ, ಕೋಣೆಯಲ್ಲಿ ಮಲಗಿಬಿಟ್ಟಳು. ಹಿಂದಿನ ರಾತ್ರಿ ಅವಳಿಗೆ ನಿದ್ದೆ ಇರಲಿಲ್ಲ. "ನೀನು ಮಲಕ್ಕೊ, ಮಗ ನನ್ನ ಜವಾಬ್ದಾರಿ" ಎಂದು ಅವನನ್ನು ನಡುಮನೆಯ ಮಂಚಕ್ಕೆ ತಂದೆ. ಅಂಗಿಯ ಮೇಲೆ ಸ್ವೆಟರು ಹಾಕಿದೆ. ಅದರ ಮೇಲೆ ಕರಡಿ ಉಡುಪು. ಟೋಪಿಯ ಮೇಲೆ ಕುಲಾವಿ. ರಿಬ್ಬನ್ನನ್ನು ಹೊಗೆಸೊಪ್ಪು ಕಟ್ಟುವ ಗಂಟಿನಲ್ಲಿ ಬಿಗಿದೆ. ಕಡ್ಡಿಗೆ ಕಟ್ಟಿದ ಎಲೆ ಒಣಗಿ ಪುಡಿಯಾದರೂ ಆ ಗಂಟು ಬಿಚ್ಚುವುದಿಲ್ಲ. ದಿಂಬುಗಳ ನಡುವೆ ಮಲಗಿಸಿ ರಜಾಯಿ ಹೊದಿಸಿದೆ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದು, "ಗಾಳಿ ಬೀಸ್ತಾ ಅದೆ" ಎಂದು ತಮ್ಮ ಶಾಲು ಹೊದಿಸಿ ಹೋದರು. ನಾನು ಸುಮ್ಮನಿರುವುದು ಹೇಗೆ? ತಂದೆ ಎಂಬವನು ಅತ್ತೆಗಿಂತ ಕಡಿಮೆಯಾಗಬಾರದು. ನನ್ನ ರಗ್ಗು ತಂದು ಹೊದಿಸಿದೆ. ಕಿಟಕಿ ಮುಚ್ಚಿದೆ. ಬಾಗಿಲ ಸಂದಿಗೆ ಗೋಣಿಚೀಲ ತುರುಕಿದೆ.

ಮಗು ಅಳಲಿಲ್ಲ. ಮುಲುಗಲೂ ಇಲ್ಲ. ಅತ್ತೆ ಹಿತ್ತಿಲಿನಿಂದ, "ಇವತ್ತು ಸದ್ದೇ ಇಲ್ವಲ್ಲ ಕೂಸು" ಎಂದು ಕೇಳಿದರು.

"ಬೆಚ್ಚಗದೆ ಅತ್ತೆ. ಬೆಚ್ಚಗಿದ್ರೆ ಯಾಕೆ ಅಳ್ತದೆ?" ಎಂದೆ. ಆ ಮಾತನ್ನು ಹೇಳುವಾಗ ನನಗಿದ್ದ ಹೆಮ್ಮೆಯನ್ನು ನೆನೆದರೆ ಈಗಲೂ ಎದ್ದು ಹೋಗಿ ಕಿಟಕಿ ತೆರೆಯುತ್ತೇನೆ.

ಆ ಹೊತ್ತಿಗೆ ಭೇರ್ಯದಿಂದ ನನ್ನ ಸೋದರಮಾವ ಕಂಠಪ್ಪ ಬಂದರು. ಭಾರೀ ಆಸಾಮಿ. ಅವರು ಕೂತರೆ ಬಸ್ಸಿನಲ್ಲಿ ಪಕ್ಕದವರು ತಾವಾಗಿಯೇ ಎದ್ದು ನಿಲ್ಲುತ್ತಿದ್ದರು. ಕೂಸನ್ನು ನೋಡಲೆಂದು ಬಂದವರು ಬಾಳೆಹಣ್ಣಿನ ಚಿಪ್ಪನ್ನು ನನ್ನ ಕೈಗೆ ಕೊಟ್ಟು, ಹೆಗಲ ಮೇಲಿದ್ದ ಕಂಬಳಿಯನ್ನು ಮಂಚದ ಮೇಲೆ ಎಸೆದು, ಅಲ್ಲೇ ಕೂರಲು ಬಗ್ಗಿದರು.

"ಮಾವ, ಕೂರಬೇಡಿ."

"ಯಾಕ್ಲಾ? ಬಿಸ್ಲಲ್ಲಿ ನಡ್ಕೊಂಡು ಬಂದಿವ್ನಿ ಕಣ್ಲಾ. ಒಗೆಯೋ ಬಟ್ಟೆ ಆಮೇಲೆ ಎತ್ತಿಡು."

"ಬಟ್ಟೆ ಅಲ್ಲ ಮಾವ. ಮಗ."

ಕಂಠಪ್ಪ ಮಾವ ಅರ್ಧ ಬಗ್ಗಿದವರು ಹಾಗೇ ನಿಂತರು. ಮಂಚವನ್ನು ನೋಡಿದರು. ನನ್ನನ್ನು ನೋಡಿದರು. "ಎಲ್ಲವ್ನೆ?" ಎಂದರು.

ನಾನು ನಗುತ್ತಲೇ ಕಂಬಳಿ ತೆಗೆದೆ. ರಗ್ಗು ತೆಗೆದೆ. ಶಾಲು ತೆಗೆದೆ. ರಜಾಯಿ ಸರಿಸಿದೆ. ದಿಂಬಿನ ಮೇಲೆ ತಲೆ ಇರಲಿಲ್ಲ. ನನ್ನ ನಗು ಎಲ್ಲಿ ನಿಂತಿತೋ ಗೊತ್ತಿಲ್ಲ. ಆ ಮೆತ್ತನೆಯ ಹಾಸಿಗೆಯಲ್ಲಿ ಮಗು ಜಾರಿ, ಪಕ್ಕದ ದಿಂಬಿನ ಕೆಳಗೆ ಮೊಗಚಿಕೊಂಡಿತ್ತು. ಕುಲಾವಿ ತಿರುಗಿ ಮುಖ ಮುಚ್ಚಿಕೊಂಡಿತ್ತು. ಎತ್ತಿದರೆ ಕತ್ತು ಒಂದು ಕಡೆಗೆ ಬಿತ್ತು. ಕುಲಾವಿ ಸರಿಸಿದರೆ ಮುಖ ಕಡುಗೆಂಪು, ಕೂದಲೆಲ್ಲ ನೀರು. ಕಣ್ಣು ತೆರೆಯಲಿಲ್ಲ. ಉಸಿರು ಇತ್ತು, ಇದೆಯೋ ಇಲ್ಲವೋ ಎನ್ನುವಷ್ಟು.

ನಾನು ಕೂಗಿದೆನಂತೆ. ನನಗೆ ಕೇಳಿಸಲಿಲ್ಲ. ರಾಣಿ ಓಡಿ ಬಂದಳು. ನಾನು ರಿಬ್ಬನ್ ಬಿಚ್ಚಲು ಹೋದೆ. ಬರಲಿಲ್ಲ. ನನ್ನದೇ ಗಂಟು, ನನ್ನದೇ ಬೆರಳು, ಆದರೂ ಬರಲಿಲ್ಲ. ಎಳೆದಷ್ಟೂ ಬಿಗಿಯಾಯಿತು. ಅತ್ತೆ ಕತ್ತರಿ ಹುಡುಕಲು ಹೋದವರು ಕೈಗೆ ಸಿಕ್ಕ ಸೌಟು ಹಿಡಿದುಕೊಂಡು ಬಂದರು. ರಾಣಿ ನನ್ನನ್ನು ಪಕ್ಕಕ್ಕೆ ತಳ್ಳಿ, ಬಗ್ಗಿ, ಹಲ್ಲಿನಿಂದ ಆ ರಿಬ್ಬನ್ನನ್ನು ಕಡಿದು ತುಂಡು ಮಾಡಿದಳು. ಕರಡಿ ಉಡುಪು ಕಿತ್ತೆಸೆದು ಮಗುವನ್ನು ಎದೆಗೆ ಹಚ್ಚಿದಳು. ಮಗು ಬಾಯಿ ತೆರೆಯಲಿಲ್ಲ.

ಪಕ್ಕದ ಮನೆಯ ಮಾದೇಶನ ಓಮ್ನಿಯಲ್ಲಿ ಪಿರಿಯಾಪಟ್ಟಣಕ್ಕೆ ಹೊರಟೆವು. ನಾನು ಮುಂದೆ ಕೂತೆ. ರಾಣಿ ಮಗುವಿನೊಂದಿಗೆ ಹಿಂದೆ. ಅವಳ ಪಕ್ಕ ಅತ್ತೆ, ಮಂಚದ ಮೇಲಿದ್ದ ಹೊದಿಕೆಗಳನ್ನೆಲ್ಲ ಮಡಿಲಲ್ಲಿ ತುಂಬಿಕೊಂಡು. ಗಾಳಿ ಬಂತೆಂದು ಅತ್ತೆ ಸ್ವೆಟರಿನ ಮೇಲೆ ರಜಾಯಿ ಸುತ್ತಿದರು. ನಾನು ಗಾಜು ಏರಿಸಿದೆ. ರಾಣಿ ರಜಾಯಿ ಕಿತ್ತು ಕೆಳಗೆ ಹಾಕಿ, "ಗಾಜು ಇಳ್ಸಿ" ಎಂದಳು. ಇಳಿಸಿದೆ. ಕಗ್ಗುಂಡಿಯ ತಿರುವಿನಲ್ಲಿ ನನಗೇ ಗೊತ್ತಿಲ್ಲದಂತೆ ನನ್ನ ಕೈ ಮತ್ತೆ ಗಾಜಿನ ಹಿಡಿಗೆ ಹೋಯಿತು.

"ಕೈ ತೆಗೀರಿ" ಎಂದಳು ರಾಣಿ. ಅಷ್ಟು ಮೆತ್ತಗೆ ಅವಳು ನನ್ನ ಜೊತೆ ಹಿಂದೆಂದೂ ಮಾತಾಡಿರಲಿಲ್ಲ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತೆ.

ನರ್ಸಿಂಗ್ ಹೋಮಿನಲ್ಲಿ ಬೃಂದಾ ಡಾಕ್ಟರು ಮಗುವನ್ನು ಮೇಜಿನ ಮೇಲೆ ಮಲಗಿಸಿಕೊಂಡರು. ಉಳಿದಿದ್ದ ಸ್ವೆಟರು ತೆಗೆದರು. ಅದರ ಕೆಳಗಿದ್ದ ಅಂಗಿ. ಅದರ ಕೆಳಗೆ ಅತ್ತೆ ನನಗೂ ತಿಳಿಯದಂತೆ ಹಾಕಿದ್ದ ಇನ್ನೊಂದು ಅಂಗಿ. ಹೊಟ್ಟೆಗೆ ಸುತ್ತಿದ ಪಟ್ಟಿ. ಒಳಗಿನ ಕಾಲುಚೀಲ, ಅದರೊಳಗಿನ ಕಾಲುಚೀಲ. ನರ್ಸು ಅವನ್ನೆಲ್ಲ ಪಕ್ಕದ ಕುರ್ಚಿಯ ಮೇಲೆ ಹಾಕುತ್ತಾ ಹೋದಳು. ಕುರ್ಚಿ ತುಂಬಿತು.

"ಇಷ್ಟು ಬಟ್ಟೆಯೊಳಗೆ ಮಗೂನೇನಮ್ಮ ತಂದಿರೋದು?" ಎಂದು ಡಾಕ್ಟರು ಕೇಳಿದರು. ಬೇರೆ ಸಮಯವಾಗಿದ್ದರೆ ನಾನು ನಗುತ್ತಿದ್ದೆ. ಅವರ ಮುಖದಲ್ಲೂ ನಗು ಇರಲಿಲ್ಲ.

ಕೊನೆಗೆ ನನ್ನ ಮಗ ಹುಟ್ಟಿದಾಗ ಹೇಗಿದ್ದನೋ ಹಾಗೆ ಮೇಜಿನ ಮೇಲೆ ಉಳಿದ. ಎಷ್ಟು ಚಿಕ್ಕವನು. ಅಷ್ಟೊಂದು ಬಟ್ಟೆಯ ನಡುವೆ ಅವನು ಎಷ್ಟು ಚಿಕ್ಕವನೆಂದು ನಾನು ನೋಡಿಯೇ ಇರಲಿಲ್ಲ. ಡಾಕ್ಟರು ಮೂಗಿನ ಹತ್ತಿರ ಆಮ್ಲಜನಕದ ಕೊಳವೆ ಹಿಡಿದರು, ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿದರು, ಅಂಗಾಲು ತಟ್ಟಿದರು. ನಾವು ಗೋಡೆಗೆ ಅಂಟಿಕೊಂಡು ನಿಂತೆವು. ಅತ್ತೆ ಯಾವ ಯಾವ ದೇವರಿಗೋ ಹರಕೆ ಹೊರುತ್ತಿದ್ದರು. ನನಗೆ ಯಾವ ದೇವರ ಹೆಸರೂ ನೆನಪಾಗಲಿಲ್ಲ.

ಆಮೇಲೆ ಅದು ಅತ್ತಿತು. ಮೊದಲು ಬೆಕ್ಕಿನ ಮರಿಯಂತೆ, ಆಮೇಲೆ ಜೋರಾಗಿ, ಆಮೇಲೆ ಇಡೀ ನರ್ಸಿಂಗ್ ಹೋಮಿಗೆ ಕೇಳುವಂತೆ. ರಾಣಿ ಎತ್ತಿಕೊಂಡು ಎದೆಗೆ ಹಚ್ಚಿದಳು. ಈ ಸಲ ಬಾಯಿ ತೆರೆಯಿತು.

"ಯಾರು ಹೀಗೆ ಸುತ್ತಿದ್ದು?" ಎಂದು ಡಾಕ್ಟರು ಕೇಳಿದರು. ಅತ್ತೆ ನನ್ನ ಕಡೆ ನೋಡಿದರು. ನಾನು ಅತ್ತೆಯ ಕಡೆ ನೋಡಲು ಧೈರ್ಯ ಸಾಲದೆ, "ನಾನೇ" ಎಂದೆ.

"ಇನ್ನು ಕಾಲು ಗಂಟೆ ತಡವಾಗಿದ್ದರೆ ನನ್ನ ಕೈಲಿ ಏನೂ ಆಗ್ತಿರಲಿಲ್ಲ. ಕೇಳಿ. ಮಗು ಮಲಗೋ ಹಾಸಿಗೆ ಗಟ್ಟಿಯಾಗಿ, ಸಮವಾಗಿರಬೇಕು. ದಿಂಬು ಬೇಡ, ರಜಾಯಿ ಬೇಡ, ಪಕ್ಕದಲ್ಲಿ ಏನೂ ಬೇಡ. ಬೆನ್ನ ಮೇಲೆ ಮಲಗಿಸಿ. ಮಲಗುವಾಗ ಟೋಪಿ ಬೇಡ, ಮುಖಕ್ಕೆ ಏನೂ ಬರಬಾರದು. ದಾರ, ರಿಬ್ಬನ್ ಇರೋ ಬಟ್ಟೆ ಮನೆಯೊಳಗೇ ಬೇಡ. ಮೈಗೆ ಮೆತ್ತನೆ ಹತ್ತಿ ಬಟ್ಟೆ. ಚಳಿ ಅನ್ನಿಸಿದರೆ ನಿಮಗಿಂತ ಒಂದು ಅಂಗಿ ಹೆಚ್ಚು, ಅಷ್ಟೇ. ಕೈಕಾಲು ತಣ್ಣಗಿದೆ ಅಂತ ಗಾಬರಿ ಬೀಳಬೇಡಿ, ಎದೆ ಮುಟ್ಟಿ ನೋಡಿ."

"ಆದ್ರೆ ಮೇಡಂ, ಚಳಿ," ಎಂದೆ. "ನಮ್ಮ ಮೊದಲನೇದು ಚಳಿಗೇ ಓಯ್ತು. ಬೆಚ್ಚಗೆ ನೋಡ್ಕೊಳ್ಳಲಿಲ್ಲ ನಾವು."

ಡಾಕ್ಟರು ಬಾಯಿ ತೆರೆಯುವ ಮೊದಲೇ ಉತ್ತರ ಬಂತು. ಹೇಳಿದವಳು ರಾಣಿ. ಮಗುವಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು.

"ಅವಳು ಚಳಿಗೆ ಓಗ್ಲಿಲ್ಲ ಕಣ್ರೀ. ಗುಂಡಿಗೇಲಿ ತೂತಿತ್ತು. ಮೈಸೂರಾಸ್ಪತ್ರೇಲಿ ಆವತ್ತೇ ಯೋಳಿದ್ರು. ನಾನು ನಿಮ್ಗೆ ಯೋಳ್ದೆ. ಒಂದ್ಸಲ ಅಲ್ಲ. ಜಗಲಿ ಮೇಲೆ ಕೂತು ಕಾಫಿ ಕುಡ್ದೋರು ಯೋಳಿದ್ದು ನಿಮ್ಗೆ ಕೇಳಿಸ್ತು. ಎತ್ತೋಳು ಯೋಳಿದ್ದು ಕೇಳಿಸ್ಲಿಲ್ಲ."

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಬಟ್ಟೆಯ ರಾಶಿಯ ಮೇಲೇ ಕೂತಿದ್ದೇನೆಂದು ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ. ಗೊತ್ತಾದ ಮೇಲೂ ಏಳಲಿಲ್ಲ.

ಎರಡು ದಿನ ಇಟ್ಟುಕೊಂಡು ನೋಡಿ ಕಳಿಸಿದರು. ಮನೆಗೆ ಬಂದಾಗ ಕಂಠಪ್ಪ ಮಾವ ಇನ್ನೂ ಊರಿಗೆ ಹೋಗಿರಲಿಲ್ಲ. ನಮಗಾಗಿ ಕಾಯುತ್ತಾ ನಡುಮನೆಯ ಮಂಚದ ಮೇಲೆ, ನಾನು ಮಗನಿಗೆಂದು ಹೊಲಿಸಿದ ಬೂರುಗದ ಹಾಸಿಗೆಯ ಮೇಲೆ ತಲೆಯಿಟ್ಟು, ಎರಡು ಪಕ್ಕದ ದಿಂಬುಗಳನ್ನು ಮಂಡಿಯ ಕೆಳಗಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಅಷ್ಟು ಚೆನ್ನಾಗಿ ಆ ಹಾಸಿಗೆ ಯಾರಿಗೂ ಒದಗಿರಲಿಲ್ಲ. "ತಗೊಂಡೋಗಿ ಮಾವ" ಎಂದೆ. ಸಂಕೋಚವಿಲ್ಲದೆ ತೆಗೆದುಕೊಂಡು ಹೋದರು.

ಅತ್ತೆ ಕೋಣೆಯಲ್ಲಿ ಚಾಪೆ ಹಾಸಿ, ಅದರ ಮೇಲೆ ತಮ್ಮ ಹಳೇ ಹತ್ತಿ ಸೀರೆಯನ್ನು ಸುಕ್ಕಿಲ್ಲದಂತೆ ಮಡಿಸಿ, ನಾಲ್ಕೂ ಅಂಚನ್ನು ಚಾಪೆಯ ಅಡಿಗೆ ಸೇರಿಸಿದರು. ರಾಣಿ ಮಗುವಿಗೆ ತೆಳ್ಳನೆಯ ಎರಡು ಅಂಗಿ ತೊಡಿಸಿ ಅಂಗಾತ ಮಲಗಿಸಿದಳು. ಅದು ಕೈಗಳೆರಡನ್ನೂ ತಲೆಯ ಮೇಲಕ್ಕೆ ಚಾಚಿ, ಶರಣಾದವರಂತೆ ನಿದ್ದೆ ಹೋಯಿತು. ಕಿಟಕಿ ತೆರೆದಿತ್ತು. ಮಧ್ಯಾಹ್ನದ ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು.

ನಾನು ಪಕ್ಕದಲ್ಲಿ ಕೂತೆ. ಎದೆ ಏಳುತ್ತಿದೆಯೇ? ಏಳುತ್ತಿದೆ ಅನ್ನಿಸಿತು. ಇಲ್ಲವೇನೋ ಅನ್ನಿಸಿತು. ಮೂಗಿನ ಹತ್ತಿರ ಬೆರಳು ಹಿಡಿದೆ. ಬೆಚ್ಚನೆಯ ಗಾಳಿ ತಾಗಿತು. ಅದು ಮಗುವಿನದೋ, ಕಿಟಕಿಯದೋ? ಬಗ್ಗಿ ಕಿವಿ ಹಚ್ಚಿದೆ. ಮತ್ತೆ ಬೆರಳು ಹಿಡಿದೆ. ಈ ಸಲ ಬೆರಳು ಮೂಗಿಗೇ ತಾಗಿ ಮಗು ಬೆಚ್ಚಿಬಿದ್ದು ಕಿರುಚಿತು. ಆಗ ತಾನೇ ಕಣ್ಣು ಮುಚ್ಚಿದ್ದ ರಾಣಿ ಎದ್ದು, ಮಗುವನ್ನು ತಟ್ಟಿ ಮಲಗಿಸಿ, ನನ್ನ ಕೈಯನ್ನು ಹಿಡಿದು ನನ್ನ ಮಡಿಲಲ್ಲೇ ಇಟ್ಟಳು.

"ಅದು ಉಸ್ರಾಡ್ತಾ ಅದೆ ಕಣ್ರೀ" ಎಂದಳು. "ಇನ್ನು ನೀವೂ ಒಂಚೂರು ಉಸ್ರಾಡಿ."